ನಂಬರು ಹೊಂದದ ಕನ್ನಡಕ

ಫೆಬ್ರವರಿ 6

ಪ್ರೀತಿಯ ತಗಾದೆ,

ನಿನ್ನ ಅಣ್ಣ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ, ಮೂತಿ ಊದಿಸಿಕೊಳ್ಳಬೇಡ. ಹುಟ್ಟಿದ ದಿನವೇ ಸೂಲಗಿತ್ತಿಯ ಜೊತೆ ಜಗಳಕ್ಕೆ ನಿಂತವಳು ನನ್ನ ತಂಗಿ ಎಂದು ಅವರು ಹೇಳುತ್ತಿದ್ದುದು ನೆನಪಿದೆ ತಾನೆ? ಅವರು ಹೋಗಿ ಇವತ್ತಿಗೆ ಮೂರು ತಿಂಗಳು. ಆ ಹೆಸರು ಹಿಡಿದು ಕರೆಯುವವರು ಒಬ್ಬರಾದರೂ ಇರಲಿ ಎಂದು ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.

ಫೋನು ಮಾಡಿ ಎಂದು ಬರೆದಿದ್ದೀಯ. ಹೋದ ಸಲ ಕೆಳಗಿನ ಮನೆಯವರ ಫೋನಿನಲ್ಲಿ ಏನಾಯಿತು? ನಾಲ್ಕು ನಿಮಿಷವೂ ಇಬ್ಬರೂ ಅತ್ತದ್ದೇ ಆಯಿತು. ದುಡ್ಡು ಕೊಟ್ಟು ಅಳುವುದಕ್ಕಿಂತ ಕಾಗದ ಬರೆಯುವುದು ಅಗ್ಗ. ಈ ಲಕೋಟೆ ನೀನು ಕಳಿಸಿದ್ದೇ. ಅವರು ಮಾಡುತ್ತಿದ್ದ ಹಾಗೆ ಅಂಟು ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸಿದ್ದೇನೆ. ಅಚ್ಚುಕೂಟದಲ್ಲಿ ಹದಿನೆಂಟು ವರ್ಷ ಕರಡು ತಿದ್ದಿದ ಮನುಷ್ಯ ಒಂದು ಹಾಳೆಯನ್ನೂ ಸುಮ್ಮನೆ ಎಸೆದವರಲ್ಲ. ನಾನೂ ಚಹಾಪುಡಿಯನ್ನು ಎರಡು ಸಲ ಕುದಿಸುತ್ತೇನೆ, ಸಾಬೂನಿನ ಚೂರುಗಳನ್ನು ಒತ್ತಿ ಒಂದು ಮಾಡುತ್ತೇನೆ. ಅಯ್ಯೋ ಪಾಪ ಅನ್ನಬೇಡ. ಅವರಿದ್ದಾಗಲೂ ನಾವು ಹೀಗೇ ಇದ್ದೆವು, ಆಗ ಅದನ್ನು ಹೇಳಿಕೊಂಡು ಇಬ್ಬರೂ ನಗುತ್ತಿದ್ದೆವು ಅಷ್ಟೆ.

ಕೆಲಸಕ್ಕೆ ತೊಂದರೆ ಇಲ್ಲ. ಅಂಗಿಯ ಕಾಲರು ಕುತ್ತಿಗೆಯ ಮಡಿಕೆಯಲ್ಲಿ ಸವೆದು ನೂಲು ಬಿಡುತ್ತದಲ್ಲ, ಅದನ್ನು ಬಿಚ್ಚಿ, ಮಗುಚಿ, ಚೆನ್ನಾಗಿರುವ ಮೈ ಮೇಲೆ ಬರುವ ಹಾಗೆ ಹೊಲಿದರೆ ಅಂಗಿ ಇನ್ನೆರಡು ವರ್ಷ ಬಾಳುತ್ತದೆ. ನಮ್ಮ ಬೀದಿಯಲ್ಲಿ ಹೊಸದು ಹೊಲಿಸುವವರಿಗಿಂತ ಹಳೆಯದನ್ನು ಬಾಳಿಸುವವರೇ ಜಾಸ್ತಿ, ನನ್ನ ಪುಣ್ಯ.

ಭಾನುವಾರ ಭಾವ ಬಂದಿದ್ದರು, ನಿನ್ನ ದೊಡ್ಡಣ್ಣ. ಬಸ್ ಡಿಪೋದಲ್ಲಿ ಟೈಮು ಬರೆಯುವ ಕೆಲಸ ಮಾಡಿ ಮಾಡಿ ಮನೆಯಲ್ಲೂ ಹಾಗೇ ಮಾತಾಡುತ್ತಾರೆ, ಹೊರಡುವ ಸಮಯ ಇಂತಿಷ್ಟು ಎಂದು. "ಒಬ್ಬಳೇ ಯಾಕಮ್ಮ ಒದ್ದಾಡ್ತೀಯ? ನಮ್ಮನೇಲಿ ಮೇಲ್ಗಡೆ ಕೋಣೆ ಸುಮ್ನೆ ಬಿದ್ದಿದೆ. ಮೇ ತಿಂಗಳಿಗೆ ಇದನ್ನ ಖಾಲಿ ಮಾಡು" ಎಂದರು. ಮೇ ಕೊನೆಗೆ ನಮ್ಮ ಬಾಡಿಗೆ ಕರಾರು ಮುಗಿಯುತ್ತದೆ. ಹೊಸ ಕರಾರಿಗೆ ಜಾಮೀನು ಸಹಿ ಹಾಕಬೇಕಾದವರು ಅವರೇ. ಅವರು ಹಾಕದಿದ್ದರೆ ಮನೆಯೊಡೆಯ ನನ್ನನ್ನು ಇಟ್ಟುಕೊಳ್ಳುವುದಿಲ್ಲ.

ಭಾವ ಕೆಟ್ಟವರಲ್ಲ, ಓರಗಿತ್ತಿಯೂ ಕೆಟ್ಟವಳಲ್ಲ, ಮಕ್ಕಳಿಗಂತೂ ನಾನೆಂದರೆ ಪ್ರಾಣ. ಆದರೆ ಅಲ್ಲಿಗೆ ಹೋದ ದಿನದಿಂದ ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಿ ತೆಗೆದುಕೊಳ್ಳಬೇಕು. ನಾಲ್ಕನೇ ಮಹಡಿಯ ಈ ಎರಡು ಕೋಣೆಯಲ್ಲಿ ಡಬ್ಬಿ ಖಾಲಿಯಿದ್ದರೂ ಅದು ನನ್ನ ಡಬ್ಬಿ. ನಾನು ಇಲ್ಲಿಂದ ಕದಲುವುದಿಲ್ಲ. ನೀನು ನನ್ನ ಪಕ್ಷ ತಾನೆ?

ನಿನ್ನ ಅತ್ತಿಗೆ


ಫೆಬ್ರವರಿ 21

ಪ್ರೀತಿಯ ಅತ್ತಿಗೆ,

ಇದನ್ನು ಆಸ್ಪತ್ರೆಯ ಲಿಫ್ಟಿನೊಳಗೆ ನನ್ನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಯಾರೋ ಗಂಟೆ ಒತ್ತುತ್ತಾರೆ. ದಿನಕ್ಕೆ ಇನ್ನೂರು ಸಲ ಏರಿ ಇಳಿದರೂ ಸಂಜೆಗೆ ನಾನು ಇದ್ದಲ್ಲೇ ಇರುತ್ತೇನೆ. ಇಂಥ ನೌಕರಿ ಜಗತ್ತಿನಲ್ಲಿ ಇನ್ನೊಂದಿಲ್ಲ.

ನಿಮ್ಮ ಪಕ್ಷವಲ್ಲದೆ ಇನ್ಯಾರ ಪಕ್ಷ? ದೊಡ್ಡಣ್ಣ ಚಿಕ್ಕಂದಿನಿಂದಲೂ ಹಾಗೇ, ಯಾರು ಯಾವ ತಟ್ಟೆಯಲ್ಲಿ ಉಣ್ಣಬೇಕು ಎಂದೂ ಅವನೇ ತೀರ್ಮಾನ ಮಾಡುತ್ತಿದ್ದ. ನೀವು ಗಟ್ಟಿಯಾಗಿರಿ. ಆದರೆ ಚಹಾಪುಡಿಯನ್ನು ಎರಡು ಸಲ ಕುದಿಸುವವರು ಊಟವನ್ನು ಎಷ್ಟು ಸಲ ಮಾಡುತ್ತಾರೆ ಎಂದು ಬರೆದಿಲ್ಲ. ಅದನ್ನು ಮುಚ್ಚಿಡಬೇಡಿ.

ಇನ್ನೊಂದು ಮಾತು. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಅಣ್ಣ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಅವನು ಹೋದ ಮೇಲೆ ನೀವು ಬರೆದ ಈ ಮೊದಲ ಕಾಗದದಲ್ಲಿ ಸಾಲುಗಳು ಓರೆಯಾಗಿ ಮೇಲೆ ಹೋಗಿವೆ, ಎರಡು ಕಡೆ ಒಂದರ ಮೇಲೊಂದು ಹತ್ತಿವೆ. ಅಳುತ್ತಾ ಬರೆದಿರಾ? ಅಳುವುದಿದ್ದರೆ ಅಳಿ, ಆದರೆ ನನಗೆ ಹೇಳಿ ಅಳಿ.

ಬಂದು ಹೋಗು ಎಂದು ಪ್ರತಿ ಕಾಗದದಲ್ಲೂ ಕೇಳುತ್ತಿದ್ದವರು ಈ ಸಲ ಕೇಳಿಲ್ಲ. ಕೇಳಿದ್ದರೂ ಬರಲು ಆಗುತ್ತಿರಲಿಲ್ಲ. ನನ್ನ ಪಾಳಿಯ ಬದಲಿಯವರಿಗೆ ಬೆನ್ನುನೋವು, ರಜೆ ಕೊಡುವುದಿಲ್ಲ. ಮಣ್ಣಿಗೂ ಬರಲಿಲ್ಲ, ಮೂರು ತಿಂಗಳಾದರೂ ಬರಲಿಲ್ಲ ಎಂದು ಅಲ್ಲಿ ಎಲ್ಲರೂ ಆಡಿಕೊಳ್ಳುತ್ತಿರಬೇಕು. ಎರಡು ದಿನದ ದಾರಿ ಎಂದು ಅವರಿಗೆ ಹೇಳಿ.

ನಿಮ್ಮ ತಗಾದೆ


ಮಾರ್ಚ್ 15

ಪ್ರೀತಿಯ ತಗಾದೆ,

ಊಟ ಎರಡು ಹೊತ್ತು ಮಾಡುತ್ತೇನೆ. ಪ್ರಮಾಣ ಮಾಡು ಅನ್ನಬೇಡ. ಅಕ್ಷರಕ್ಕೆ ಬೆಳಕು ಕಾರಣ, ಬಲ್ಬು ಹಚ್ಚುವುದನ್ನು ಸ್ವಲ್ಪ ತಡಮಾಡುತ್ತೇನೆ, ಅಷ್ಟೆ. ಸಾಯಂಕಾಲದ ಹೊತ್ತಿಗೆ ಕಣ್ಣಿನ ಹಿಂದೆ ಒಂಥರಾ ನೋವು. ಅದೂ ಬೆಳಕಿನದ್ದೇ ಇರಬೇಕು.

ನಗುವ ವಿಷಯ ಹೇಳುತ್ತೇನೆ ಕೇಳು. ಎದುರಿನ ಔಷಧಿ ಅಂಗಡಿಯವರು ಮೂರು ಅಂಗಿ ಕೊಟ್ಟಿದ್ದರು. ಕಾಲರು ಬಿಚ್ಚಿದೆ, ಹಳೆಯ ನೂಲನ್ನೆಲ್ಲ ಆಯ್ದೆ, ಇಸ್ತ್ರಿ ಮಾಡಿದೆ, ಎರಡು ದಿನ ಕೂತು ಹೊಲಿದೆ. ಅವರು ಬಂದು ಅಂಗಿ ಬಿಡಿಸಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅಂಗಿ ನೋಡಿದರು. ಸವೆದ ಮೈಯೇ ಮೇಲಿದೆ! ಮಗುಚುವುದನ್ನೇ ಮರೆತು, ಹರಿದದ್ದನ್ನು ಹರಿದ ಹಾಗೇ ಅಚ್ಚುಕಟ್ಟಾಗಿ ವಾಪಸ್ಸು ಹೊಲಿದಿದ್ದೇನೆ. ಮೂರಕ್ಕೆ ಮೂರೂ. "ಅಮ್ಮಾ, ಕೆಲಸ ಮಾತ್ರ ಬಹಳ ಚೆನ್ನಾಗಿದೆ" ಎಂದರು ಪುಣ್ಯಾತ್ಮರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವರು ಹೋದ ಮೇಲೆ ಮೂರನ್ನೂ ಮತ್ತೆ ಬಿಚ್ಚಿದೆ.

ಓರಗಿತ್ತಿ ಬಂದಿದ್ದಳು. ನಿನ್ನ ಅಣ್ಣನ ಅಂಗಿಗಳು ಪೆಟ್ಟಿಗೆಯಲ್ಲಿ ಹಾಗೇ ಇದ್ದರೆ ಹುಳ ತಿನ್ನುತ್ತದೆ, ದೊಡ್ಡ ಮಗನಿಗೆ ಸರಿಮಾಡಿ ಕೊಡಬಾರದೇ ಎಂದು ಕೇಳಿದಳು. ಕೇಳಿದ್ದು ನ್ಯಾಯವೇ. ಬೇರೆ ಯಾರ ಮನೆಯಲ್ಲಾದರೂ ನಾನೇ ಅದನ್ನು ಹೇಳುತ್ತಿದ್ದೆ. ಆಗಲಿ ಎಂದೆ, ಆದರೆ ಕೈ ಏಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, ನೀನು ನಮ್ಮ ಜೊತೆಗಿದ್ದರೆ ನಿನ್ನನ್ನು ನೋಡಿಕೊಂಡ ಹಾಗೂ ಆಗುತ್ತದೆ ಎಂದಳು. ನನ್ನನ್ನು ನೋಡಿಕೊಳ್ಳುವುದಕ್ಕೆ ನನಗೇನಾಗಿದೆ ಎಂದು ಕೇಳಬೇಕೆನ್ನಿಸಿತು. ಮೆಟ್ಟಿಲು ಇಳಿಯುವಾಗ ಅವಳೇ ನನ್ನ ಕೈ ಹಿಡಿದುಕೊಂಡಳು, ಯಾಕೋ ನಾನೇ ತಡವರಿಸುತ್ತಿದ್ದೆ.

ನಿನ್ನ ಅತ್ತಿಗೆ


ಏಪ್ರಿಲ್ 2

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷದಿಂದ ಕಾಲರು ಮಗುಚಿದ ಕೈ ಮೂರು ಅಂಗಿಯಲ್ಲೂ ಮರೆಯುತ್ತದೆ ಎಂದರೆ ಅದು ಮರೆವಲ್ಲ. ಮನಸ್ಸು ಅಲ್ಲಿಲ್ಲ. ನಾಲ್ಕನೇ ಮಹಡಿ, ಕಡಿದಾದ ಮೆಟ್ಟಿಲು, ಬೆಳಕಿಲ್ಲ, ತಡವರಿಸುತ್ತೀರಿ ಬೇರೆ. ಈ ಸಲದ ಅಕ್ಷರ ನೋಡಿದರೆ ನಿಮ್ಮದು ಎಂದು ನಂಬುವುದೇ ಕಷ್ಟ. ಒಂದು ವಾಕ್ಯದ ಅಕ್ಷರಗಳು ಹಾಳೆಯಂಚಿಗೆ ಹೋಗಿ ಒಂದರ ಮೇಲೊಂದು ಮುದುಡಿವೆ. ನಾಲ್ಕು ಸಲ ಓದಿದ ಮೇಲೆಯೇ ಅದೇನೆಂದು ನನಗೆ ಗೊತ್ತಾದದ್ದು.

ನನ್ನ ಲಿಫ್ಟಿನಲ್ಲಿ ದಿನಾ ಜನ ಅಳುತ್ತಾ ಇಳಿಯುತ್ತಾರೆ. ಮೊದಲ ದಿನ ಅಳುವವರ ಬಗ್ಗೆ ನನಗೆ ಭಯವಿಲ್ಲ. ಏನೂ ಆಗಿಲ್ಲ ಎಂದು ನಗುತ್ತಾ ಇಳಿಯುತ್ತಾರಲ್ಲ, ಅವರೇ ಆಮೇಲೆ ಬೀಳುವುದು.

ಸಿಟ್ಟು ಮಾಡಿಕೊಳ್ಳಬೇಡಿ. ದೊಡ್ಡಣ್ಣನ ಮನೆಗೆ ಹೋಗಿಬಿಡಿ. ಸಕ್ಕರೆ ಡಬ್ಬಿ ಎಲ್ಲಿದ್ದರೇನು, ನೀವು ಬಿದ್ದರೆ ಎತ್ತುವವರು ಇರುತ್ತಾರೆ. ನನಗೆ ಇನ್ನೊಂದು ಸಲ ಆ ಥರ ಫೋನು ಬರುವುದು ಬೇಡ ಅತ್ತಿಗೆ.

ನಿಮ್ಮ ತಗಾದೆ


ಏಪ್ರಿಲ್ 11

ಪ್ರೀತಿಯ ನಾದಿನಿಗೆ,

ನಿನ್ನ ಕಾಗದ ಸೇರಿತು. ನಾನು ಆರೋಗ್ಯವಾಗಿದ್ದೇನೆ. ಕೆಲಸ ಇದೆ.

ಭಾವ, ಓರಗಿತ್ತಿ, ನನ್ನ ತವರಿನವರು, ಮನೆಯೊಡೆಯ, ಎಲ್ಲರೂ ನನ್ನನ್ನು ಎಲ್ಲಿ ಇಡಬೇಕು ಎಂದು ಮಾತಾಡುತ್ತಾರೆ, ಪೆಟ್ಟಿಗೆಯನ್ನು ಎಲ್ಲಿಡುವುದು ಎಂದು ಮಾತಾಡುವ ಹಾಗೆ. ನೀನೊಬ್ಬಳು ಹಾಗಲ್ಲ ಎಂದುಕೊಂಡಿದ್ದೆ.

ಅವರಿಲ್ಲದ ಮೇಲೆ ನಿನಗೂ ನನಗೂ ನಡುವೆ ಏನು ಉಳಿಯಿತು ಎಂದು ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಜಾಸ್ತಿ ಬರೆಯಲು ಆಗುತ್ತಿಲ್ಲ, ತಲೆನೋವು.

ಇಂತಿ, ನಿನ್ನ ಅತ್ತಿಗೆ


ಏಪ್ರಿಲ್ 19

ಅತ್ತಿಗೆ,

ನೀವು ನನ್ನನ್ನು ತಗಾದೆ ಎಂದು ಕರೆದಿಲ್ಲ. "ನಾದಿನಿಗೆ" ಎಂಬುದನ್ನು ಓದಿದವಳೇ ಆರನೇ ಮಹಡಿಗೆ ಹೋಗಬೇಕಾದವರನ್ನು ಎರಡನೆಯದರಲ್ಲಿ ಇಳಿಸಿಬಿಟ್ಟೆ.

ಬೈಯುವುದಿದ್ದರೆ ಇದನ್ನೂ ಸೇರಿಸಿ ಬೈಯಿರಿ. ಏಪ್ರಿಲ್ ಎರಡರಂದು ನಾನು ಎರಡು ಕಾಗದ ಬರೆದೆ. ಒಂದು ನಿಮಗೆ, ಇನ್ನೊಂದು ದೊಡ್ಡಣ್ಣನಿಗೆ. ಅತ್ತಿಗೆಯ ಮನಸ್ಸು ಸ್ಥಿಮಿತದಲ್ಲಿಲ್ಲ, ಮೇ ತಿಂಗಳ ತನಕ ಕಾಯಬೇಡ, ಹೋಗಿ ಕರೆದುಕೊಂಡು ಹೋಗು ಎಂದು ಬರೆದೆ. ಜಾಮೀನಿಗೆ ಸಹಿ ಹಾಕಬೇಡ ಎಂದೂ ಬರೆದೆ. ನಿಮ್ಮ ಪಕ್ಷ ಎಂದು ಹೇಳಿ ನಿಮ್ಮ ಬೆನ್ನ ಹಿಂದೆ ಮಾಡಿದ ಕೆಲಸ ಇದು.

ಆಮೇಲೆ ನಡೆದದ್ದು ಕೇಳಿ. ಮೊನ್ನೆ ನಮ್ಮ ಕಣ್ಣಿನ ಡಾಕ್ಟರು ಲಿಫ್ಟಿನಲ್ಲಿದ್ದರು. ನಾನು ನಿಮ್ಮ ಹಿಂದಿನ ಕಾಗದ, ಈ ಕಾಗದ ಎರಡನ್ನೂ ಹಿಡಿದುಕೊಂಡು ಕಣ್ಣೀರು ಹಾಕುತ್ತಿದ್ದೆ. ಏನೆಂದು ಕೇಳಿದರು, ತೋರಿಸಿದೆ. ಮೂರನೇ ಮಹಡಿಯಿಂದ ಐದನೆಯದಕ್ಕೆ ಹೋಗುವಷ್ಟರಲ್ಲಿ ಎರಡು ಹಾಳೆಯನ್ನೂ ನೋಡಿ, "ಬರೆದವರು ದುಃಖದಲ್ಲಿದ್ದಾರೋ ಇಲ್ಲವೋ ನಾನು ಹೇಳಲಾರೆ. ಕಣ್ಣು ಮಾತ್ರ ಸರಿಯಾಗಿ ಕಾಣ್ತಿಲ್ಲ. ಕನ್ನಡಕದ ನಂಬರ್ ನೋಡಿಸೋಕೆ ಹೇಳಿ" ಎಂದು ಇಳಿದು ಹೋದರು.

ಅತ್ತಿಗೆ, ನಿಮ್ಮ ಕನ್ನಡಕಕ್ಕೆ ಏನಾಗಿದೆ? ಅದೊಂದನ್ನು ಹೇಳಿ. ದೊಡ್ಡಣ್ಣನಿಗೆ ಇವತ್ತೇ ಮತ್ತೆ ಬರೆಯುತ್ತೇನೆ, ಆದರೆ ಅವನು ಹೊರಟರೆ ಹೊರಟ ಹಾಗೆ ಎಂದು ನಿಮಗೂ ಗೊತ್ತು. ಈ ಕಾಗದ ಅವನಿಗಿಂತ ಮೊದಲು ನಿಮ್ಮನ್ನು ಸೇರಲಿ.

ಏನೆಂದು ಸಹಿ ಹಾಕಲಿ, ನೀವೇ ಹೇಳಿ.


ಮೇ 3

ಪ್ರೀತಿಯ ತಗಾದೆ,

ಹಾಗೆಂದೇ ಸಹಿ ಹಾಕು. ಬೈಗುಳ ಕೊನೆಯಲ್ಲಿದೆ, ಮೊದಲು ಕಥೆ ಕೇಳು.

ನಿನ್ನ ಕಾಗದ ಸೋಮವಾರ ಸೇರಿತು. ಭಾವ ಅದಕ್ಕೆ ಒಂದು ದಿನ ಮುಂಚೆಯೇ, ಭಾನುವಾರ ಬೆಳಿಗ್ಗೆ ಬಂದರು. ಕೆಳಗೆ ಬಾಡಿಗೆ ವ್ಯಾನು, ಕೈಯಲ್ಲಿ ಹಗ್ಗ, ಹೆಗಲ ಮೇಲೆ ನಾಲ್ಕು ಖಾಲಿ ಗೋಣಿಚೀಲ. ಬಾಗಿಲು ತೆರೆದೇ ಇತ್ತು, ನಾನು ಮೆಷಿನ್ನಿನ ಮುಂದೆ ಕೂತಿದ್ದೆ. ಮಾತು ತಯಾರು ಮಾಡಿಕೊಂಡೇ ಬಂದಿದ್ದರು ಅನ್ನಿಸುತ್ತದೆ, ತಂಗಿ ಬರೆದಿದ್ದಾಳೆ ಎಂದು ಶುರುವೂ ಮಾಡಿದರು. ನಾನು ತಲೆ ಎತ್ತಿದೆ.

"ಅದು ಅವನದಲ್ವಾ?" ಎಂದರು.

ನನ್ನ ಮೂಗಿನ ಮೇಲೆ ನಿನ್ನ ಅಣ್ಣನ ಕನ್ನಡಕ ಇತ್ತು. ನವೆಂಬರಿನಿಂದಲೂ ಅದೇ ಇದೆ. ಅಚ್ಚುಕೂಟದಿಂದ ಸುದ್ದಿ ಬಂದ ದಿನ ಮೆಟ್ಟಿಲು ಇಳಿದು ಓಡುವಾಗ ನನ್ನದು ಬಿದ್ದು ಚೂರಾಯಿತು. ವಾರದ ಮೇಲೆ ಅವರ ಕನ್ನಡಕವನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಕೊಟ್ಟರು. ಮನೆಯಲ್ಲಿ ಗಟ್ಟಿಮುಟ್ಟಾದ ಕನ್ನಡಕ ಒಂದಿರುವಾಗ ಹೊಸದಕ್ಕೆ ಯಾಕೆ ಖರ್ಚು ಎಂದು ಅದನ್ನೇ ಹಾಕಿಕೊಂಡೆ. ಯಾರಾದರೂ ಬಂದರೆ ತೆಗೆದಿಡುತ್ತಿದ್ದೆ. ಅವತ್ತು ತೆಗೆಯಲು ಸಮಯ ಸಿಗಲಿಲ್ಲ.

ಭಾವ ಗೋಣಿಚೀಲಗಳ ಮೇಲೇ ಕೂತುಬಿಟ್ಟರು. ಆ ಮನುಷ್ಯ ಅತ್ತದ್ದನ್ನು ನೀನು ನೋಡಿದ್ದೀಯಾ? ಮಣ್ಣು ಮಾಡುವಾಗಲೂ ಎಲ್ಲರಿಗೂ ನೀರು ಕೊಡಿ, ಕುರ್ಚಿ ಹಾಕಿ ಎಂದು ಓಡಾಡುತ್ತಿದ್ದವರು. ಮುಖಕ್ಕೆ ಕರ್ಚೀಫು ಹಿಡಿದು ಮಗುವಿನ ಥರ ಬಿಕ್ಕಿದರು. ನಾನೇ ಹೋಗಿ ಬೆನ್ನು ಸವರಿದೆ. ಆಮೇಲೆ ಕನ್ನಡಕ ಇಸಿದುಕೊಂಡು ತಾವೂ ಒಮ್ಮೆ ಹಾಕಿಕೊಂಡು ನೋಡಿ, "ಥೂ, ಇದರಲ್ಲಿ ಏನಮ್ಮ ಕಾಣತ್ತೆ? ನೀರಲ್ಲಿ ಮುಳುಗಿ ನೋಡಿದ ಹಾಗಿದೆ" ಎಂದು ಬೈದರು. ಕೆಳಗೆ ವ್ಯಾನಿನವನು ಹಾರ್ನು ಹೊಡೆಯುತ್ತಲೇ ಇದ್ದ. ಭಾವ ಕಿಟಕಿಯಿಂದ ಬಗ್ಗಿ ಅವನಿಗೂ ಬೈದು ಕಳಿಸಿದರು. ಕರಾರಿನ ವಿಷಯ ಎತ್ತಲಿಲ್ಲ. ಮಾರನೇ ದಿನ ಬಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು.

ಈಗ ನಿನಗೆ ಮಾತ್ರ ಹೇಳುವುದು. ಉಳಿತಾಯ ಎಂದದ್ದು ಸುಳ್ಳು ಕಣೇ. ಹೊಂದುವುದಿಲ್ಲ ಎಂದು ಹಾಕಿಕೊಂಡ ಮೊದಲ ದಿನವೇ ಗೊತ್ತಿತ್ತು. ಓದಲು ಮಾಡಿಸಿದ ಕನ್ನಡಕ, ನನ್ನದಕ್ಕಿಂತ ಎಷ್ಟೋ ಪಟ್ಟು ದಪ್ಪ ಗಾಜು. ಕಾಲರಿನ ಯಾವ ಮೈ ಯಾವುದೆಂದು ಬೆರಳಿನಿಂದ ತಡವಿ ಹೇಳಬೇಕಾಗಿತ್ತು. ದೂರದ್ದೆಲ್ಲ ಮಂಜು ಮಂಜು. ಕಿಟಕಿಯ ಹತ್ತಿರ ಅವರ ಕುರ್ಚಿ ಇದೆ, ಅದರ ಬೆನ್ನಿಗೆ ಅವರ ಕೋಟು. ಮೆಷಿನ್ನಿನಿಂದ ತಲೆ ಎತ್ತಿ ನೋಡಿದರೆ ಆ ಮಂಜಿನಲ್ಲಿ ಅವರೇ ಕೂತು ಕರಡು ತಿದ್ದುತ್ತಿರುವ ಹಾಗೆ ಕಾಣುತ್ತಿತ್ತು. ಅದಕ್ಕೇ ತೆಗೆಯಲಿಲ್ಲ. ಇನ್ನೊಬ್ಬರ ಅಂಗಿ ಕೆಟ್ಟರೂ, ನಿನ್ನ ನಿದ್ದೆ ಕೆಟ್ಟರೂ ತೆಗೆಯಲಿಲ್ಲ. ನಮ್ಮಂಥ ಜಿಪುಣರಿಗೆ ಎಂಥ ಅನುಕೂಲ ನೋಡು, ಏನು ಮಾಡಿದರೂ ಖರ್ಚು ಉಳಿಸಲು ಎಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಹೊಸ ಕನ್ನಡಕ ಗುರುವಾರ ಬಂತು. ಗಾಜಿನ ಮೇಲ್ಭಾಗ ದೂರಕ್ಕೆ, ಕೆಳಭಾಗ ಹತ್ತಿರಕ್ಕೆ. ಹಾಕಿಕೊಂಡು ಮನೆಗೆ ಬಂದು ಆ ಕಡೆ ನೋಡಿದೆ. ಕುರ್ಚಿ ಕಾಣಿಸಿತು, ಕೋಟು ಕಾಣಿಸಿತು, ಕೋಟಿನ ಮೇಲಿನ ಧೂಳು ಕಾಣಿಸಿತು. ಅವರು ಎಲ್ಲೂ ಇರಲಿಲ್ಲ. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಓಡಿ ಬರುವಷ್ಟು ಜೋರಾಗಿ ಅತ್ತೆ.

ಇನ್ನು ಬೈಗುಳ. ನನಗೆ ಹುಚ್ಚು ಎಂದು ಬರೆಯುವ ಮೊದಲು ಒಂದು ಸಲ ಬಂದು ಕಣ್ಣಾರೆ ನೋಡಬಾರದಿತ್ತೇ, ತಗಾದೆ? ಆರು ತಿಂಗಳಲ್ಲಿ ಒಂದು ಬಸ್ಸೂ ಸಿಗಲಿಲ್ಲವೇ ನಿನಗೆ?

ನಿನ್ನ ಅತ್ತಿಗೆ


ಮೇ 12

ಅತ್ತಿಗೆ,

ನಿಮ್ಮ ಅಕ್ಷರ ವಾಪಸ್ಸು ಬಂದಿದೆ. ಮೊದಲು ಅದನ್ನೇ ಎಷ್ಟೋ ಹೊತ್ತು ನೋಡುತ್ತಾ ಕೂತೆ, ಏನು ಬರೆದಿದ್ದೀರಿ ಎಂದು ಆಮೇಲೆ ಓದಿದೆ.

ಬದಲಿಯವರಿಗೆ ಬೆನ್ನುನೋವು ಎಂದದ್ದು ಸುಳ್ಳು. ಅವರು ಕಲ್ಲುಗುಂಡಿನ ಹಾಗಿದ್ದಾರೆ. ನನ್ನ ಲೆಕ್ಕದಲ್ಲಿ ಹತ್ತೊಂಬತ್ತು ದಿನ ರಜೆ ಇದೆ. ಎರಡು ಸಲ ಬಸ್ ನಿಲ್ದಾಣದ ತನಕ ಹೋಗಿದ್ದೇನೆ. ಜನವರಿಯಲ್ಲಿ ಟಿಕೆಟ್ಟೂ ತೆಗೆದಿದ್ದೆ. ನಮ್ಮ ವಂಶದಲ್ಲಿ ಹುಟ್ಟಿ ಟಿಕೆಟ್ಟಿನ ದುಡ್ಡು ದಂಡ ಮಾಡಿದವಳು ನಾನೊಬ್ಬಳೇ ಇರಬೇಕು.

ನೀವು ನಿಜ ಹೇಳಿದ್ದೀರಿ, ನಾನೂ ಹೇಳುತ್ತೇನೆ. ನಾನು ಅಣ್ಣನನ್ನು ಹೆಣವಾಗಿ ನೋಡಿಲ್ಲ. ಫೋನಿನಲ್ಲಿ ದೊಡ್ಡಣ್ಣ ಹೇಳಿದ್ದು ಕೇಳಿದ್ದೇನೆ, ಅಷ್ಟೆ. ಆ ಮನೆಯನ್ನು ನಾನು ನೋಡದೆ ಇರುವ ತನಕ ಅಣ್ಣ ಅಲ್ಲಿ ಇದ್ದಾನೆ. ಬಾಗಿಲು ತೆಗೆದ ದಿನ ನನ್ನ ಪಾಲಿಗೆ ಅವನು ಸಾಯುತ್ತಾನೆ. ನೀವು ದೊಡ್ಡಣ್ಣನ ಮನೆಗೆ ಹೋಗಿಬಿಟ್ಟಿದ್ದರೆ ಆ ಬಾಗಿಲು ನನ್ನ ಪಾಲಿಗೆ ಇರುತ್ತಲೇ ಇರಲಿಲ್ಲ. ನಿಮ್ಮ ಚಿಂತೆಯಿಂದ ಬರೆದೆ ಎಂದುಕೊಂಡಿದ್ದೆ. ಈಗ ನೋಡಿದರೆ ನನ್ನ ಹೆದರಿಕೆಯಿಂದಲೂ ಬರೆದಿದ್ದೆ.

ಕ್ಷಮಿಸಿ ಎಂದು ಕೇಳುವ ಮುಖವಿಲ್ಲ. ಸಹಿ ಏನಾಯಿತು, ಅದನ್ನು ತಿಳಿಸಿ. ಮೇ ಅರ್ಧ ಮುಗಿಯುತ್ತಾ ಬಂತು. ನಿಮ್ಮ ಮನೆ ಹೋದರೆ ಅದು ನನ್ನ ಕೈಯಿಂದ ಹೋದ ಹಾಗೆ.

ನಿಮ್ಮ ತಗಾದೆ


ಮೇ 24

ನನ್ನ ತಗಾದೆ,

ಭಾವ ನಿನ್ನೆ ಬಂದಿದ್ದರು. ಹಗ್ಗ ಇರಲಿಲ್ಲ, ಕಂಕುಳಲ್ಲಿ ಒಂದು ಗಂಟು ಇತ್ತು. ಬಿಚ್ಚಿದರೆ ಅವರದ್ದೇ ನಾಲ್ಕು ಅಂಗಿ, ನಾಲ್ಕರ ಕಾಲರೂ ಸವೆದು ಜಾಲರಿ. ಗಿರಾಕಿಯ ಹಾಗೆ ನಿಂತು, ಯಾವಾಗ ಸಿಗುತ್ತದೆ ಎಂದು ಕೇಳಿದರು. ಬುಧವಾರ ಎಂದೆ. ಮಂಗಳವಾರಕ್ಕೇ ಬೇಕು ಎಂದು ಚೌಕಾಸಿ ಮಾಡಿದರು. ಆಮೇಲೆ ಜೇಬಿನಿಂದ ಕರಾರು ತೆಗೆದು, ಮೆಷಿನ್ನಿನ ಮೇಲೇ ಇಟ್ಟು ಸಹಿ ಹಾಕಿದರು. "ಮೇಲ್ಗಡೆ ಕೋಣೆ ಇದ್ದೇ ಇರತ್ತೆ. ಬೇಜಾರಾದಾಗ ಎರಡು ದಿನ ಬಂದಿರು, ಹಗ್ಗ ತರಲ್ಲ" ಎಂದರು. ಮನೆ ಉಳಿಯಿತು. ನಿನ್ನ ಅಣ್ಣನ ಅಂಗಿಗಳಲ್ಲಿ ಎರಡನ್ನು ಓರಗಿತ್ತಿಯ ಮಗನ ಅಳತೆಗೆ ಮಾಡಿ ಅವರ ಕೈಯಲ್ಲೇ ಕೊಟ್ಟು ಕಳಿಸಿದೆ. ಉಳಿದವನ್ನು ಕೊಡುವುದಿಲ್ಲ, ಯಾರು ಕೇಳಿದರೂ ಇಲ್ಲ.

ನಿನಗೂ ನನಗೂ ನಡುವೆ ಏನು ಉಳಿಯಿತು ಎಂದು ಏಪ್ರಿಲಿನಲ್ಲಿ ಬರೆದಿದ್ದೆನಲ್ಲ, ಆ ಸಾಲನ್ನು ಹೊಡೆದುಹಾಕು. ತಲೆನೋವಿನಲ್ಲಿ ಬರೆದದ್ದು. ನನ್ನ ಕಾಗದದ ಅಕ್ಷರ ಓರೆಯಾದರೆ ಎರಡು ದಿನದ ದಾರಿಯಾಚೆ ಕೂತು ಲಿಫ್ಟು ನಿಲ್ಲಿಸುವವಳು ನನಗೆ ಇನ್ಯಾರಿದ್ದಾರೆ?

ಬಾಗಿಲು ತೆಗೆದ ದಿನ ಅಣ್ಣ ಸಾಯುತ್ತಾನೆ ಎಂದು ಬರೆದಿದ್ದೀಯ. ಸುಳ್ಳು ಸಮಾಧಾನ ಹೇಳುವುದಿಲ್ಲ. ಹೌದು, ಸಾಯುತ್ತಾರೆ. ಆ ದಿನ ಹೇಗಿರುತ್ತದೆ ಎಂದು ನನಗೆ ಗೊತ್ತು, ನಾನು ಅದನ್ನು ಒಬ್ಬಳೇ ಕಳೆದಿದ್ದೇನೆ. ನೀನು ಒಬ್ಬಳೇ ಕಳೆಯಬೇಕಾಗಿಲ್ಲ.

ಹತ್ತೊಂಬತ್ತು ದಿನವನ್ನೂ ಹಾಕು. ನಾಲ್ಕನೇ ಮಹಡಿ, ಇಲ್ಲಿ ಲಿಫ್ಟಿಲ್ಲ, ನಿಧಾನವಾಗಿ ಹತ್ತಿ ಬಾ. ಬಾಗಿಲು ನಾನೇ ತೆಗೆಯುತ್ತೇನೆ.

ನಿನ್ನ ಅತ್ತಿಗೆ